ಅಳೆಯದ ನಳಿಗೆ

ಮಿಸೌಲಾ, ಮೊಂಟಾನಾ
ಭಾನುವಾರ, ನವೆಂಬರ್ 6, 1994

ಪ್ರೀತಿಯ ಅಜ್ಜ,

ಮೊದಲಿಗೆ, ಕಾಗದ ಬರೆಯುತ್ತಿರುವುದಕ್ಕೇ ಕ್ಷಮಿಸು. ಒಂದೇ ಕಣ್ಣಿನಲ್ಲಿ ಓದಬೇಕಾದ ನಿನಗೆ ಇಷ್ಟುದ್ದ ಬರೆಯುವುದು ತಪ್ಪು ಅಂತ ಗೊತ್ತು. ಅದಕ್ಕೇ ಅಕ್ಷರ ದಪ್ಪ ಮಾಡಿ, ಸಾಲು ಬಿಟ್ಟು ಸಾಲು ಬರೆದಿದ್ದೇನೆ. ಫೋನ್ ಮಾಡೋಣವೆಂದರೆ ಆ ಮಂಗಳವಾರದಿಂದ ನಿನಗೆ ಫೋನಿನ ಮಾತು ಕೇಳಿಸುವುದಿಲ್ಲ, ಎತ್ತುವವರು ಲೊರೇನ್ ಅತ್ತೆ. ಮನೆಗೆ ಬರುವ ಕಾಗದಗಳನ್ನು ಒಡೆಯುವವರೂ ಅವರೇ ಆದ್ದರಿಂದ ಇದನ್ನು ನೆರೆಮನೆಯ ಟೋರ್ವಿಕ್ ಅಮ್ಮನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅವರು ನಿನ್ನ ಕೈಗೇ ಕೊಡುತ್ತಾರೆ.

ಇದು ನಾಲ್ಕನೇ ಕಾಗದ. ಮೊದಲ ಮೂರನ್ನು ಹರಿದು ಹಾಕಿದೆ. ಒಂದರಲ್ಲಿ ಬರೀ ಹವಾಮಾನವೇ ಇತ್ತು.

ಇಲ್ಲಿ ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ. ಗುಡ್ಡದ ಮೇಲೆ ಹಿಮ ಬಿದ್ದಿದೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದೊಂದನ್ನೂ ಮೂರು ಸಲ ತೂಗುತ್ತೇನೆ, ನನ್ನ ಜೊತೆಯವಳು ಗಡಿಯಾರ ನೋಡುತ್ತಾ ನಿಲ್ಲುತ್ತಾಳೆ. ಮೊನ್ನೆ ಕೇಳಿಯೇಬಿಟ್ಟಳು: "ಹ್ಯಾರಿಯೆಟ್, ಅದು ಉಪ್ಪು ಕಣೆ. ಸ್ವಲ್ಪ ಹೆಚ್ಚಾದ್ರೆ ಯಾರೂ ಸಾಯಲ್ಲ." ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಈ ತಿಂಗಳ ಹದಿನೇಳಕ್ಕೆ, ಗುರುವಾರ, ನೀನು ನ್ಯಾಯಾಧೀಶರ ಮುಂದೆ ಹೋಗುತ್ತೀಯಂತೆ. "ನನ್ನ ಬುದ್ಧಿ ನನ್ನ ಹಿಡಿತದಲ್ಲಿಲ್ಲ, ಇನ್ನು ಮೇಲೆ ಎಲ್ಲವನ್ನೂ ಮಗಳೇ ನೋಡಿಕೊಳ್ಳಲಿ" ಅಂತ ನೀನೇ ಹೇಳಿ ರುಜು ಹಾಕುತ್ತೀಯಂತೆ. ಅತ್ತೆಯ ಮಗ ಡ್ವೇನ್ ಫೋನ್ ಮಾಡಿ ಹೇಳಿದ. ಆ ವಾರವೇ ನಿನ್ನನ್ನು ಬಿಲ್ಲಿಂಗ್ಸಿನ ವೃದ್ಧರ ಮನೆಗೆ ಸೇರಿಸುವುದು, ಗುಂಡು ಎರಕ ಹೊಯ್ಯುವ ನಿನ್ನ ಅಚ್ಚುಗಳನ್ನೆಲ್ಲ ಹರಾಜು ಹಾಕುವುದು ಅಂತ ಆಗಿದೆಯಂತೆ. "ತಾತ ತಾನೇ ಒಪ್ಕೊಂಡಿದಾನೆ. ಮಕ್ಕಳಿರೋ ಮನೇಲಿ ನಾನು ಇರಬಾರ್ದು ಅಂದ" ಅಂತಲೂ ಅವನು ಹೇಳಿದ.

ಅಜ್ಜ, ರುಜು ಹಾಕಬೇಡ. ನಿನ್ನ ಬುದ್ಧಿಗೆ ಏನೂ ಆಗಿಲ್ಲ. ರಿವಾಲ್ವರಿನ ಆ ತೋಟೆಗೆ ನೀನು ಎರಡು ಸಲ ಸಿಡಿಮದ್ದು ಹಾಕಲಿಲ್ಲ. ನಳಿಗೆಯೊಳಗೆ ಅಳತೆ ನೋಡಲು ತಳ್ಳಿದ ಸೀಸದ ಉಂಡೆ ಸಿಕ್ಕಿಕೊಂಡಿತ್ತು. ಅದನ್ನು ಅಲ್ಲಿ ಬಿಟ್ಟವಳು ನಾನು.

ಇಷ್ಟು ಬರೆದು ಹೋಗಿ ನೀರು ಕುಡಿದು ಬಂದೆ. ಈಗ ಆ ವಾರ ಏನೇನಾಯಿತು ಅಂತ ಒಂದೊಂದಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೆ ನಿನ್ನ ನೆನಪನ್ನು ನೀನೇ ನಂಬದೆ ಕೂತಿದ್ದೀಯ, ಅದಕ್ಕೇ ಪಕ್ಕದಲ್ಲಿ ನನ್ನದನ್ನು ಇಟ್ಟು ನೋಡು.

ನಾನು ಊರಿಗೆ ಬಂದದ್ದು ಶುಕ್ರವಾರ, ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ. ನೀನು ತೋಟೆ ತುಂಬುವ ಶೆಡ್ಡಿನಲ್ಲಿ ಟೋರ್ವಿಕ್ ಅಮ್ಮ ಕೂತಿದ್ದರು. ಮಡಿಲಲ್ಲಿ ಗಂಡನ ಹಳೇ ರಿವಾಲ್ವರ್, ಸೊಂಟದಲ್ಲಿ ಇನ್ನೂ ಅಡುಗೆಯ ಏಪ್ರನ್.

"ಅಂಗಡಿ ತೋಟೆ ಹಾಕಿದ್ರೆ ಹತ್ತು ಏಟಿಗೆ ನಳಿಗೆ ತುಂಬಾ ಸೀಸ ಮೆತ್ಕೊಳ್ಳುತ್ತೆ ಆರ್ವಿಲ್. ಅವರಿದ್ದಾಗ ಇದೇ ರಿವಾಲ್ವರಿಂದ ಕುರಿಮರಿ ಕದಿಯೋ ಕಾಯೋಟಿ ನರಿನ ಉರುಳಿಸ್ತಿದ್ರು. ನಾನು ಹೊಡೆದ್ರೆ ಕಾಯೋಟಿ ಕೂತ್ಕೊಂಡು ನೋಡುತ್ತೆ."

ನೀನು ಹೇಳಿದೆ: "ಗುಂಡು ಸಣ್ಣದು ಕಣಮ್ಮಾ. ನಿನ್ನ ಗಂಡನ ಬೂಟನ್ನ ನಮ್ಮ ಡ್ವೇನ್ ಹಾಕ್ಕೊಂಡಂಗೆ. ನಡೀತಾನೆ, ಆದ್ರೆ ಸಂದಿ ಇರೋ ಕಡೆಯೆಲ್ಲ ಕೆಸರು ನುಗ್ಗುತ್ತೆ. ಇಲ್ಲಿ ನುಗ್ಗೋದು ಬೆಂಕಿ. ಗುಂಡಿನ ಪಕ್ಕೆನ ಕರಗಿಸಿ ನಳಿಗೆಗೆ ಬಳೀತದೆ."

"ನನ್ನ ಬೂಟಿನ ಸುದ್ದಿ ಯಾಕೆ ತಾತಾ?" ಅಂತ ಡ್ವೇನ್ ಹೊರಗಿನಿಂದಲೇ ಕೂಗಿದ.

"ಕಾಲು ಬೆಳೆಸ್ಕೊ, ಬಿಡ್ತೀನಿ."

ಇದು ನಿನಗೆ ನೆನಪಿದೆ, ಅಲ್ಲವೇ? ಟೋರ್ವಿಕ್ ಅಮ್ಮ ನಗುತ್ತಾ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು.

ಶನಿವಾರ ಬೆಳಿಗ್ಗೆ ನೀನು ಸೀಸ ಕರಗಿಸಿದೆ, ನಾನು ಸಿಲಿಂಡರಿನಲ್ಲಿ ತೋಟೆ ಕೂರುವ ಗೂಡುಗಳನ್ನು ಅಳೆದೆ. ಆರು ಗೂಡಿನ ಬಾಯಿಗೂ ಒಂದೊಂದು ಮೆತ್ತನೆಯ ಸೀಸದ ಚೂರನ್ನು ಒತ್ತಿ ಹೊರಗೆ ತಳ್ಳುವುದು, ತಿರುಪಿನ ಮಾಪಕದಲ್ಲಿ ಹಿಡಿಯುವುದು. ಆರಕ್ಕೆ ಆರೂ ಇಂಚಿನ ಸಾವಿರ ಪಾಲಿನಲ್ಲಿ ನಾನೂರ ಐವತ್ತಾರು. ನೀನು ನನ್ನ ಮುಂದೆ "ಹೂಂ" ಅಂದೆ. ನಾನು ಕಾಫಿ ತರಲು ಒಳಗೆ ಹೋದಾಗ ನೀನು ಆರನ್ನೂ ಮತ್ತೆ ಅಳೆದೆ, ನಾನು ಕಿಟಕಿಯಿಂದ ನೋಡಿದ್ದೆ. ನಿನಗೂ ಅದೇ ಸಂಖ್ಯೆ ಬಂತು ಅಂತ ನಿನ್ನ ಬೆನ್ನು ನೋಡಿಯೇ ತಿಳಿಯಿತು. ಅಷ್ಟು ಖುಷಿ ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಾಗಲೂ ಆಗಿರಲಿಲ್ಲ.

ಮಧ್ಯಾಹ್ನ ಊಟದ ಮೇಜಿನಲ್ಲಿ ನೀನು ಫೋರ್ಕು ಕೆಳಗಿಟ್ಟು ಹೇಳಿದೆ: "ಇವಳ ಕೈಗೆ ಅಳತೆ ಗೊತ್ತು. ನಾಳೆ ನಳಿಗೆ ಇವಳೇ ಅಳೀತಾಳೆ. ಪುಸ್ತಕದಲ್ಲೂ ಇವಳೇ ಬರೀತಾಳೆ."

ಮೂವತ್ತೊಂದು ವರ್ಷದಿಂದ ಆ ಕಪ್ಪು ಪುಸ್ತಕದಲ್ಲಿ ನಿನ್ನ ಕೈ ಬಿಟ್ಟು ಬೇರೆ ಕೈ ಬರೆದಿರಲಿಲ್ಲ. ಕಣಿವೆಯಲ್ಲಿರುವ ಪ್ರತಿಯೊಂದು ರಿವಾಲ್ವರಿಗೂ ಒಂದು ಪುಟ: ಗೂಡಿನ ಬಾಯಿ ಎಷ್ಟು, ನಳಿಗೆ ಎಷ್ಟು, ಯಾವ ಅಚ್ಚು, ಎಷ್ಟು ಮದ್ದು. ಪ್ರತಿ ಪುಟದ ಕೊನೆಗೂ ಎರಡೇ ಪದ, "ನಳಿಗೆ ಖಾಲಿ." ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಕಣ್ಣಿಟ್ಟು ನೋಡಿದ ಮೇಲೆಯೇ ನೀನು ಅದನ್ನು ಬರೆಯುತ್ತಿದ್ದೆ. ಪುಸ್ತಕದಲ್ಲಿ ಬಿದ್ದದ್ದನ್ನು ಮತ್ತೆ ನೋಡುವ ಹಾಗಿಲ್ಲ, ಅನುಮಾನವಿದ್ದರೆ ಬರೆಯಲೇಬಾರದು. ಅದು ನಿನ್ನ ಕಟ್ಟಳೆ.

ಡ್ವೇನ್ ಗ್ರೇವಿ ಸುರಿದುಕೊಳ್ಳುತ್ತಾ ಅಂದ: "ಹತ್ತು ವರ್ಷ ನಿನ್ನ ಸೀಸ ಹೊತ್ತೆ. ನಂಗೆ ಪೆನ್ಸಿಲ್ ಮುಟ್ಟೋಕೂ ಬಿಡ್ಲಿಲ್ಲ. ಲಂಡನ್ ರಾಣಿಗೆ ಎರಡೇ ದಿನಕ್ಕೆ ಪಟ್ಟ."

"ನಾನು ಲಂಡನ್ನಿನವಳಲ್ಲ. ಯಾರ್ಕ್‌ಶೈರ್" ಅಂದೆ.

"ಅಲ್ಲೂ ಹೀಗೇ ಮೂಗೆತ್ಕೊಂಡೇ ಮಾತಾಡ್ತಾರಾ?"

"ತಟ್ಟೆ ನೋಡ್ಕೊಂಡು ತಿನ್ನೋ" ಅಂದರು ಅತ್ತೆ. ಅವನ ಮಾತಿನಲ್ಲಿ ತಮಾಷೆ ಅರ್ಧ ಮಾತ್ರ ಇತ್ತು. ಇಂಗ್ಲೆಂಡಿನಲ್ಲಿ ನಾನು ಅಮೆರಿಕದವಳು, ಇಲ್ಲಿ ಇಂಗ್ಲೆಂಡಿನವಳು. ಆ ಮೇಜಿನಲ್ಲಿ ಮೊದಲ ಸಲ ನನಗೆ ಒಂದು ಜಾಗ ಸಿಕ್ಕಿತ್ತು. ಅದನ್ನು ಉಳಿಸಿಕೊಳ್ಳಬೇಕು ಅಂತ ಅವತ್ತು ರಾತ್ರಿ ಮಲಗುವವರೆಗೂ ಅಂದುಕೊಂಡೆ.

ಭಾನುವಾರ ನೀವೆಲ್ಲ ಚರ್ಚಿನಲ್ಲಿದ್ದಾಗ ನಾನು ಶೆಡ್ಡಿನಲ್ಲಿದ್ದೆ. ಸಿಲಿಂಡರ್ ತೆಗೆದಿಟ್ಟೆ. ಎಣ್ಣೆ ಸವರಿದ ಸೀಸದ ಉಂಡೆಯನ್ನು ನಳಿಗೆಯ ಬಾಯಿಗಿಟ್ಟು ಮರದ ಕಡ್ಡಿಯಿಂದ ತಟ್ಟುತ್ತಾ ಹೋದೆ, ಆ ತುದಿಯಿಂದ ಹೊರಬಿದ್ದ ಮೇಲೆ ಅದನ್ನೇ ಅಳೆಯಬೇಕು. ನಾಲ್ಕು ಇಂಚು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆಮೇಲೆ ನಿಂತಿತು. ನಳಿಗೆಯನ್ನು ಚೌಕಟ್ಟಿಗೆ ತಿರುಪಿ ಕೂರಿಸಿದ ಕಡೆ ಸ್ವಲ್ಪ ಬಿಗಿ ಇರುತ್ತದೆ, ಅಲ್ಲಿ ತಾಳ್ಮೆ ಬೇಕು ಅಂತ ನೀನು ಹೇಳಿದ್ದೆ. ನನಗೆ ತಾಳ್ಮೆ ಬರಲಿಲ್ಲ, ಭಯ ಬಂತು. ಜೋರಾಗಿ ಹೊಡೆದೆ, ಕಡ್ಡಿಯ ತುದಿ ಸಿಗಿದು ಬಂತು, ಅದನ್ನು ಜೇಬಿಗೆ ತುರುಕಿದೆ. ಇನ್ನೊಂದು ಕಡ್ಡಿ ಹುಡುಕುತ್ತಿರುವಾಗ ನಿಮ್ಮ ಟ್ರಕ್ಕು ಬಂತು. ಡ್ವೇನ್ ಹಾರ್ನ್ ಒತ್ತಿ ಹಿಡಿದ. ಎರಡು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು.

ನೀನು ಅಂಗಳದಲ್ಲಿ ಕೋಟು ಬಿಚ್ಚುತ್ತಾ ಕೇಳಿದೆ: "ನಳಿಗೆ ಆಯ್ತೇನೆ?"

"ಆಯ್ತು."

"ಎಷ್ಟು?"

"ನಾನೂರ ಐವತ್ತನಾಲ್ಕು."

ಆ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ಪುಸ್ತಕದ ಹಿಂದಿನ ಪುಟದಿಂದ. ಅದೇ ಕಾಲದ ಇನ್ನೊಂದು ರಿವಾಲ್ವರಿನ ಅಳತೆ. ಸರಿಯಾಗಿಯೇ ಇದ್ದೀತು, ಆದರೆ ನಾನು ಅಳೆದಿರಲಿಲ್ಲ.

ಯಾಕೆ ಹಾಗೆ ಹೇಳಿದೆ ಅಂತ ಆರು ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಪ್ಪ ತೀರಿಕೊಂಡ ವರ್ಷ ಅಮ್ಮ ನನ್ನನ್ನು ಇಂಗ್ಲೆಂಡಿನಲ್ಲಿ ಹಾಸ್ಟೆಲಿಗೆ ಹಾಕಿದಳಲ್ಲ, ಆಗ ನನಗೆ ಒಂಬತ್ತು. ಹಾಸಿಗೆ ಮಡಿಸಿದೆಯಾ? ಆಯ್ತು ಮಿಸ್. ಪ್ರಾರ್ಥನೆ ಹೇಳಿದೆಯಾ? ಆಯ್ತು ಮಿಸ್. ಮೊದಲು ಆಯ್ತು ಅನ್ನಬೇಕು, ಆಮೇಲೆ ಓಡಿಹೋಗಿ ಮಾಡಬೇಕು. "ಇನ್ನೂ ಇಲ್ಲ" ಅಂದವಳು ಎಲ್ಲರ ಮುಂದೆ ನಿಲ್ಲಬೇಕಿತ್ತು. ಒಂಬತ್ತು ವರ್ಷ ಹಾಗೆ ಬದುಕಿದ ಮೇಲೆ "ಆಯ್ತು" ಅನ್ನುವುದು ಕೆಮ್ಮಿನ ಹಾಗೆ ತಾನಾಗಿ ಬರುತ್ತದೆ. ಇದು ನೆಪವಲ್ಲ. ನೆಪದ ಹಾಗೆ ಕಾಣುತ್ತಿದೆ, ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಇರಲಿ.

"ಹಾಗಾದ್ರೆ ಬರೆದು ಬಾ" ಅಂದೆ ನೀನು. ನಾನು ಶೆಡ್ಡಿಗೆ ಓಡಿದೆ. ಸಿಲಿಂಡರನ್ನು ಅದರ ಜಾಗಕ್ಕೆ ತಳ್ಳಿ ಅದನ್ನು ಹಿಡಿಯುವ ಉಕ್ಕಿನ ಸರಳು ಹಾಕಿದೆ, ಮೇಲೆ ಎಣ್ಣೆಬಟ್ಟೆ ಹೊದಿಸಿದೆ. ಪುಸ್ತಕ ತೆರೆದು ಬರೆದೆ. ಗೂಡು ಆರು, 456. ನಳಿಗೆ 454. ಕೊನೆಗೆ ನಿನ್ನ ಹಾಗೆಯೇ ಎರಡು ಪದ. ಡ್ವೇನ್ ಹಾರ್ನ್ ಬಿಡಲೇ ಇಲ್ಲ. ಆ ಉಂಡೆಯನ್ನು ಮರೆತು ಹೊರಟುಬಿಟ್ಟೆ.

ಮಂಗಳವಾರ ಏನಾಯಿತೆಂದು ನನಗೆ ಹೇಳಿದವನು ಡ್ವೇನ್. ನೀನು ಆರು ತೋಟೆ ತುಂಬಿದೆ. ಒಂದೊಂದರ ಮದ್ದನ್ನೂ ತಕ್ಕಡಿಯಲ್ಲಿ ತೂಗಿ, ಗುಂಡು ಕೂರಿಸುವ ಮುಂಚೆ ಆರನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚು ಬಿಟ್ಟು ಒಳಗೆ ನೋಡಿದೆ. ಇದನ್ನು ಡ್ವೇನ್ ತಾನೇ ನೋಡಿದ್ದಾನೆ. ಆಮೇಲೆ ರಿವಾಲ್ವರ್ ಎತ್ತಿಕೊಂಡು ಎಂದಿನಂತೆ ನಳಿಗೆ ನೋಡಲು ಹೋದವನು, ನಿಂತು, ಪುಸ್ತಕ ತೆರೆದು ನನ್ನ ಪುಟ ನೋಡಿದೆಯಂತೆ. "ಹುಡುಗಿ ಬರೆದಿದಾಳೆ. ಮತ್ತೆ ನೋಡಿದ್ರೆ ಪುಸ್ತಕಕ್ಕೆ ಏನು ಬೆಲೆ?" ಅಂದೆಯಂತೆ. ಶೆಡ್ಡಿನ ಹಿಂದೆ ದಿಮ್ಮಿಯ ಮೇಲೆ ಮರಳಿನ ಚೀಲವಿಟ್ಟು, ಎಡಗೈಯ ಆಸರೆ ಕೊಟ್ಟು, ಕೂತು, ಒಂದೇ ಒಂದು ಸಲ ಹೊಡೆದೆ.

ಎಡಗೈಯ ಎರಡು ಬೆರಳು, ಎಡಗಣ್ಣು, ಎರಡೂ ಕಿವಿ ಹೋದವು.

ಮೊದಲ ವಾರ ಆಸ್ಪತ್ರೆಯಲ್ಲಿ ಎಲ್ಲರಿಗೂ ನೀನು ಒಂದೇ ಮಾತು ಹೇಳುತ್ತಿದ್ದೆ: "ಮದ್ದು ತೂಗಿದ್ದೆ. ನೋಡಿದ್ದೆ." ಅತ್ತೆ ತಲೆಯಾಡಿಸುತ್ತಿದ್ದರು. ಬೇಸಿಗೆಯಲ್ಲಿ ನೀನು ಕಾಫಿಗೆ ಉಪ್ಪು ಹಾಕಿದ್ದು, ಟ್ರಕ್ಕಿನ ಬೀಗದ ಕೈ ಕಳೆದದ್ದು, ಎಲ್ಲ ಹೊರಗೆ ಬಂತು. ಡ್ವೇನ್ ಕೂಡ ಕೊನೆಗೆ "ನಾನು ನೋಡಿದ ಮೇಲೆ ಇನ್ನೊಂದ್ಸಲ ಹಾಕಿದ್ನೇನೋ" ಅಂದ. ಅಕ್ಟೋಬರ್ ಮಧ್ಯದಲ್ಲಿ ನಾನು ಮನೆಗೆ ಬಂದಾಗ ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನನ್ನನ್ನು ಹತ್ತಿರ ಕರೆದು, ಕೇಳಿಸದವರು ಮಾತಾಡುವ ಹಾಗೆ ಜೋರಾಗಿ ಹೇಳಿದೆ: "ಹ್ಯಾಟೀ, ನನ್ನ ತಲೆ ಹೋಯ್ತು ಕಣೆ. ಎರಡು ಸಲ ಮದ್ದು ಹಾಕಿದೀನಿ, ಒಂದು ಸಲದ್ದು ನೆನಪೇ ಇಲ್ಲ. ನನ್ನ ಬದಲು ಆ ಅಮ್ಮ ಹೊಡೆದಿದ್ರೆ?"

ಆಗ ಹೇಳಬೇಕಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ನಿನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು, "ಸೂಪು ಆರಿಹೋಗುತ್ತೆ ಅಜ್ಜ."

ನೀನು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು ನನಗೆ ಕೊಟ್ಟೆ. "ಇದು ಹರಾಜಿಗೆ ಹೋಗಬಾರ್ದು. ನಿನ್ನ ಹತ್ರ ಇರ್ಲಿ. ಇದ್ರಲ್ಲಿ ತಪ್ಪಿಲ್ಲದ ಕೈ ಇನ್ನು ನಿಂದೊಂದೇ." ಅದು ಈಗ ನನ್ನ ಹಾಸಿಗೆಯ ಕೆಳಗೆ ಪೆಟ್ಟಿಗೆಯಲ್ಲಿದೆ. ಅದರ ಮೇಲೆ ಮಲಗುತ್ತೇನೆ, ನಿದ್ದೆ ಮಾಡುತ್ತೇನೆ ಅಂತ ಹೇಳಲಾರೆ.

ಅವತ್ತು ಸಂಜೆ ಟೋರ್ವಿಕ್ ಅಮ್ಮನ ಮನೆಗೆ ಹೋಗಿದ್ದೆ. ಒಡೆದ ರಿವಾಲ್ವರ್ ಅವರ ಹತ್ತಿರವೇ ಇದೆ. ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಾರೆ. ಬಿಚ್ಚಿ ತೋರಿಸಿದರು.

"ನಂಗೇನು ತಿಳಿಯುತ್ತೆ? ಆದ್ರೆ ಆರ್ವಿಲ್ ಹಂಗೆ ಮಾಡೋನಲ್ಲ. ನನ್ನ ಗಂಡ ಸಾಯೋ ದಿನಾನೂ ಆ ಮನುಷ್ಯ ತುಂಬಿಕೊಟ್ಟ ತೋಟೆನ ನಂಬ್ತಿದ್ರು." ನಾನು ಗೂಡುಗಳನ್ನು ಒಂದೊಂದಾಗಿ ನೋಡಿದೆ. ಅವರು ನನ್ನ ಮುಖ ನೋಡಿ, "ನಿಂಗೇನಾದ್ರೂ ತಿಳಿಯುತ್ತೇನಮ್ಮಾ?" ಅಂದರು. ಇಲ್ಲ ಅಂದೆ.

ತಿಳಿದಿತ್ತು. ಮದ್ದು ಎರಡು ಪಟ್ಟಾದರೆ ಒಡೆಯುವುದು ಸಿಲಿಂಡರ್, ತೋಟೆ ಕೂತ ಗೂಡೇ ಸಿಡಿದು ತೆರೆದುಕೊಳ್ಳುತ್ತದೆ ಅಂತ ನೀನೇ ಹೇಳಿಕೊಟ್ಟದ್ದು. ಆ ಸಿಲಿಂಡರಿಗೆ ಒಂದು ಗೀರೂ ಇಲ್ಲ ಅಜ್ಜ. ಆರು ಗೂಡೂ ದುಂಡಗಿವೆ. ಸೀಳಿರುವುದು ನಳಿಗೆ, ಚೌಕಟ್ಟಿಗೆ ತಿರುಪಿದ ಆ ಬಿಗಿಯ ಜಾಗದಲ್ಲೇ, ಬಾಳೆಹಣ್ಣು ಸುಲಿದ ಹಾಗೆ. ಉಳಿದ ಐದು ತೋಟೆಗಳನ್ನೂ ಅವರು ಒಂದು ಬಟ್ಟಲಲ್ಲಿ ಇಟ್ಟಿದ್ದಾರೆ. ಗುಂಡು ಕಿತ್ತು ಒಳಗಿನ ಮದ್ದನ್ನು ಯಾರು ತೂಗಿದರೂ ನಿನ್ನ ಪುಸ್ತಕದ ತೂಕವೇ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೋಡಿ ಹೇಳಬಲ್ಲವನು ನೀನೊಬ್ಬನೇ ಇದ್ದೆ. ನಿನ್ನ ಮನಸ್ಸಿಗೆ ನೋವಾಗುತ್ತದೆ ಅಂತ ಅದನ್ನು ಯಾರೂ ನಿನಗೆ ತೋರಿಸಲಿಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟು. ಈ ಕಾಗದ ತಂದ ಟೋರ್ವಿಕ್ ಅಮ್ಮನ ಜೊತೆಗೇ ಹೋಗಿ ರಿವಾಲ್ವರ್ ನೋಡು. ಬಲಗೈ ಕಿರುಬೆರಳನ್ನು ಗೂಡುಗಳ ಒಳಗೆ ಆಡಿಸಿ ನೋಡು, ಕಣ್ಣು ಬೇಕಾಗಿಲ್ಲ. ನನ್ನ ಪುಟವನ್ನು ಪುಸ್ತಕದಿಂದ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಅತ್ತೆಗೆ ತೋರಿಸು, ನ್ಯಾಯಾಧೀಶರಿಗೂ ತೋರಿಸು. ನಾನು ಬುಧವಾರ, ಹದಿನಾರರ ಬಸ್ಸಿಗೆ ಹೊರಟು ಬಂದು ಅವರ ಮುಂದೆ ನಿಂತು ಎಲ್ಲವನ್ನೂ ಹೇಳುತ್ತೇನೆ. ಡ್ವೇನ್ ಏನು ಬೇಕಾದರೂ ಅನ್ನಲಿ. ಅವನು ಅನ್ನುವುದಕ್ಕಿಂತ ಹೆಚ್ಚಿನದನ್ನು ನಾನು ಅಂದುಕೊಂಡಾಗಿದೆ.

ನಾನು ಎಲ್ಲದಕ್ಕೂ ಸಾರಿ ಸಾರಿ ಅನ್ನುತ್ತೇನೆ ಅಂತ ನೀನು ರೇಗಿಸುತ್ತಿದ್ದೆ. ಬಾಗಿಲು ತಾಗಿದರೆ ಬಾಗಿಲಿಗೂ ಸಾರಿ ಅಂತೀಯ ಅಂದಿದ್ದೆ. ಇದಕ್ಕೆ ಆ ಪದ ಬರೆದು ನೋಡಿದೆ, ಕಾಗದದ ಮೇಲೆ ಅದು ಎಷ್ಟು ಸಣ್ಣದಾಗಿ ಕಂಡಿತೆಂದರೆ ಅದಕ್ಕೇ ಒಂದು ಕಾಗದ ಹರಿದೆ.

ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಬಲಗೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಒಳ್ಳೆಯ ನಿದ್ದೆ ಕೊಡಲಿ, ಆ ಉಳಿದ ಕಣ್ಣನ್ನು ಕಾಪಾಡಲಿ.

ನಿನ್ನ ಮೊಮ್ಮಗಳು,
ಹ್ಯಾರಿಯೆಟ್

ಮರೆತ ಮಾತು: ಮೇಲೆ "ಮರೆತು ಹೊರಟುಬಿಟ್ಟೆ" ಅಂತ ಬರೆದಿದ್ದೇನೆ. ಅದನ್ನು ಹಾಗೇ ಬಿಟ್ಟು ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಮರೆತದ್ದು ನಿಜ, ಆದರೆ ಮೂರೇ ಗಂಟೆ ಹೊತ್ತು. ಗ್ರೇಟ್ ಫಾಲ್ಸಿನಲ್ಲಿ ಬಸ್ಸು ನಿಂತಾಗ ಕೋಟಿನ ಜೇಬಿನಲ್ಲಿ ಕಡ್ಡಿಯ ಸಿಗಿದ ತುದಿ ಕೈಗೆ ಚುಚ್ಚಿತು. ಎಲ್ಲ ನೆನಪಾಯಿತು. ನಿಲ್ದಾಣದಿಂದ ಫೋನ್ ಮಾಡಿದೆ. ನೀನೇ ಎತ್ತಿದೆ. ನೆನಪು ಮಾಡಿಕೋ, ಭಾನುವಾರ, ನಾಲ್ಕೂವರೆ. "ಏನ್ ಹ್ಯಾಟಿ, ಏನು ಮರೆತು ಹೋದೆ?" ಅಂತ ಕೇಳಿದೆ. ನಾನು ಬಾಯಿ ತೆರೆಯುವುದರೊಳಗೆ, "ನಿನ್ನ ಪುಟ ನೋಡ್ತಾ ಕೂತಿದೀನಿ. ಡ್ವೇನ್‌ಗೂ ತೋರಿಸ್ದೆ. ಅಕ್ಷರ ನಿಮ್ಮಪ್ಪಂದೇ" ಅಂದೆ. ನಾನು ಹೇಳಲಿಲ್ಲ. ಆ ಪುಟ ಹರಿದುಹೋಗುತ್ತದೆ, ಮೇಜಿನ ಜಾಗ ಹೋಗುತ್ತದೆ ಅಂತ. ಹೇಗೂ ಗೂಡುಗಳನ್ನು ಮತ್ತೆ ಅಳೆದ ಹಾಗೆ ನೀನು ನಳಿಗೆಯನ್ನೂ ನೋಡಿಯೇ ನೋಡುತ್ತೀಯ, ಆಗ ಉಂಡೆ ಸಿಕ್ಕರೆ ಬೈಗುಳ ಫೋನಿನಲ್ಲಿ ಬರಲಿ ಅಂತ. "ಏನಿಲ್ಲ ಅಜ್ಜ, ಸುಖವಾಗಿದೀನಿ ಅಂತ ಹೇಳೋಣ ಅಂತ" ಅಂದು ಇಟ್ಟುಬಿಟ್ಟೆ. ಇನ್ನೂ ಎರಡು ದಿನ ಇತ್ತು. ಸೋಮವಾರ ಪೂರ್ತಿ ಇತ್ತು.

ಇದನ್ನು ಓದಿದ ಮೇಲೂ ನಾನು ಬರಬಹುದೋ ಬಾರದೋ ನನಗೆ ತಿಳಿಯದು. ಬಾರದು ಅಂದರೆ ಟೋರ್ವಿಕ್ ಅಮ್ಮನ ಕೈಗೆ ಎಲ್ಲವನ್ನೂ ಬರೆದು ರುಜು ಮಾಡಿ ಕಳಿಸುತ್ತೇನೆ. ಎರಡರಲ್ಲಿ ಯಾವುದು ಅಂತ ಒಂದು ಸಾಲು ಬರೆ. ಹದಿನಾರರ ಬುಧವಾರಕ್ಕೆ ಮುಂಚೆ ನನ್ನ ಕೈಗೆ ಸಿಗುವ ಹಾಗೆ, ದಯವಿಟ್ಟು ಬೇಗ ಬರೆ.